ಮಳೆ ಎಷ್ಟು ಇಂಚು ಬಂತು ಸರಿ, ಎಷ್ಟು ದಿನ ಬಂತು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ಲೆಕ್ಕ ಬರೆದಿಡುವ ಅಡಿಕೆ ಬೆಳೆಗಾರರು ಇದ್ದಾರೆ. ಅಂಗಳದಲ್ಲಿ ಮಳೆ ಮಾಪಕ, ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಂಕಿ. ಕೊನೆಗೆ ಎಲ್ಲ ಕೂಡಿಸಿ 'ಈ ಸಲ ಇಷ್ಟು ಇಂಚು' ಅಂತಾರೆ. ಆದರೆ ತೋಟಕ್ಕೆ ಮೊತ್ತ ಒಂದೇ ಸಾಲದು. ಒಂದು ರಾತ್ರಿ ಹೊಯ್ದು ಹೋದ ಮಳೆಗಿಂತ ವಾರಗಟ್ಟಲೆ ಬಿಡದೆ ಹಿಡಿದ ಮಳೆಗೇ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಜಾಸ್ತಿ. ಹಾಗಾಗಿ ದಿನ ಎಣಿಸಬೇಕು. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇದ್ದರೆ ಅದು ಕ್ಷಣದ ಕೆಲಸ.

ಮೊದಲ ಸಾಲಿನಲ್ಲಿ ತಲೆಬರಹ ಹಾಕಿ. ಎ ಕಾಲಂನಲ್ಲಿ ತಾರೀಕು, ಬಿ ಕಾಲಂನಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದ ಮಿಲಿಮೀಟರ್, ಸಿ ಕಾಲಂನಲ್ಲಿ ಮಳೆ ನಕ್ಷತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ, ಅಂದರೆ 2ರಿಂದ 123ನೇ ಸಾಲಿನವರೆಗೆ. ಸೂತ್ರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಶೀಟಿನಲ್ಲಿ ಸೂತ್ರದ ಹೆಸರು, ಕಾಲಂ ಅಕ್ಷರಗಳನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

=ಕೌಂಟ್(ಬಿ2:ಬಿ123)

ಅಂಕಿ ಇರುವ ಸೆಲ್‌ಗಳನ್ನು ಮಾತ್ರ ಇದು ಎಣಿಸುತ್ತದೆ. '12 ಮಿ.ಮೀ.' ಅಂತ ಬರೆದರೆ ಅದು ಅಕ್ಷರವಾಯಿತು, ಲೆಕ್ಕಕ್ಕಿಲ್ಲ. ಬರೀ 12 ಸಾಕು. ಅಕ್ಷರವೋ ಅಂಕಿಯೋ, ಏನಾದರೂ ತುಂಬಿದ್ದನ್ನೆಲ್ಲ ಎಣಿಸಲು ಕೌಂಟ್‌ಎ ಇದೆ. ಖಾಲಿ ಬಿಟ್ಟಿದ್ದನ್ನು ಎಣಿಸಲು ಕೌಂಟ್‌ಬ್ಲ್ಯಾಂಕ್. ಕೌಂಟ್ ಮತ್ತು ಕೌಂಟ್‌ಬ್ಲ್ಯಾಂಕ್ ಕೂಡಿಸಿದಾಗ 122 ಬರದಿದ್ದರೆ ಎಲ್ಲೋ ಅಕ್ಷರ ನುಸುಳಿದೆ ಅಂತಲೇ ಅರ್ಥ. ಮುಂದೆ ಹೋಗುವ ಮೊದಲು ಅದನ್ನು ಹುಡುಕಿ ಸರಿಮಾಡಿ.

ಸೊನ್ನೆ ಬೇರೆ, ಖಾಲಿ ಬೇರೆ. ಮಳೆ ಬಾರದ ದಿನ 0 ಹಾಕಿ. ನೆಂಟರ ಮನೆಗೆ ಹೋಗಿ ಅಳೆಯದೇ ಬಿಟ್ಟ ದಿನವನ್ನು ಖಾಲಿ ಬಿಡಿ. ಅಂದಾಜಿನಲ್ಲಿ ಏನೋ ಒಂದು ಅಂಕಿ ತುಂಬುವುದು ಬೇಡವೇ ಬೇಡ. ಖಾಲಿ ಸೆಲ್‌ಗಳನ್ನು ಶೀಟ್ ಸೊನ್ನೆ ಅಂತ ಎಣಿಸುವುದಿಲ್ಲ, ಹಾಗಾಗಿ ಒಣ ದಿನಗಳ ಲೆಕ್ಕ ಕೆಡುವುದಿಲ್ಲ.

ಇನ್ನು ಮಳೆ ದಿನ ಅಂದರೆ ಯಾವುದು? ನಾಲ್ಕು ಹನಿ ಬಿದ್ದರೂ ಮಳೆಯೇ ಅಲ್ವಾ! ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾತ್ರ ಕನಿಷ್ಠ 2.5 ಮಿಲಿಮೀಟರ್ ಬಿದ್ದಿರಬೇಕು. ಹೀಗೆ ಷರತ್ತು ಹಾಕಿ ಎಣಿಸುವುದು ಕೌಂಟ್‌ಇಫ್:

=ಕೌಂಟ್‌ಇಫ್(ಬಿ2:ಬಿ123,">=2.5")

ಷರತ್ತಿನ ಸುತ್ತ ಉದ್ಧರಣ ಚಿಹ್ನೆ ಮರೆತರೆ ಸೂತ್ರ ಕೆಲಸ ಮಾಡದು.

ಷರತ್ತು ಎರಡಾದರೆ ಕೊನೆಗೊಂದು ಎಸ್ ಸೇರಿಸಿ, ಕೌಂಟ್‌ಇಫ್ಸ್. ಇಲಾಖೆ 'ಭಾರಿ ಮಳೆ' ಎನ್ನುವುದು 64.5ರಿಂದ 115.5 ಮಿಲಿಮೀಟರ್‌ವರೆಗಿನ ಮಳೆಗೆ. ಅಂಥ ದಿನಗಳು ಬೇಕಾದರೆ:

=ಕೌಂಟ್‌ಇಫ್ಸ್(ಬಿ2:ಬಿ123,">=64.5",ಬಿ2:ಬಿ123,"<=115.5")

ಆಗುಂಬೆ ಕಡೆಯವರು 204.4 ದಾಟಿದ ದಿನಗಳನ್ನೂ ಎಣಿಸಿಕೊಳ್ಳಬಹುದು. ಅದಕ್ಕೆ 'ಅತ್ಯಂತ ಭಾರಿ' ಅಂತ ಹೆಸರು.

ನನಗೆ ಎಲ್ಲಕ್ಕಿಂತ ಉಪಯುಕ್ತ ಅನ್ನಿಸುವುದು ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಲೆಕ್ಕ. ಮೈಲುತುತ್ತ, ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯುವುದು ರೂಢಿ. ಮೊದಲ ಸಲ ಹೊಡೆದ ತಾರೀಕನ್ನು ಇ1 ಸೆಲ್‌ನಲ್ಲಿ ಬರೆದಿಡಿ:

=ಕೌಂಟ್‌ಇಫ್ಸ್(ಎ2:ಎ123,">"&ಇ1,ಬಿ2:ಬಿ123,">=2.5")

ಔಷಧಿ ಹೊಡೆದ ಮೇಲೆ ತೋಟ ಎಷ್ಟು ದಿನ ನೆನೆಯಿತು ಎಂದು ಇದು ಹೇಳುತ್ತದೆ. ಜೂನ್‌ಗೂ ಮೊದಲೇ ಹೊಡೆದಿದ್ದರೆ ಪಟ್ಟಿಯನ್ನೂ ಅಲ್ಲಿಂದಲೇ ಶುರು ಮಾಡಿ.

ಮನೆಯ ಹಿರಿಯರಿಗೆ ತಿಂಗಳ ಲೆಕ್ಕ ರುಚಿಸುವುದಿಲ್ಲ. ಆರಿದ್ರಾದಲ್ಲಿ ಎಷ್ಟು, ಪುಷ್ಯದಲ್ಲಿ ಎಷ್ಟು ಅಂತ ಕೇಳುತ್ತಾರೆ. ಅದೂ ಸುಲಭ:

=ಕೌಂಟ್‌ಇಫ್ಸ್(ಸಿ2:ಸಿ123,"ಆರಿದ್ರಾ",ಬಿ2:ಬಿ123,">=2.5")

ಒಂದು ಕಡೆ ಆರಿದ್ರಾ, ಇನ್ನೊಂದು ಕಡೆ ಆರಿದ್ರೆ ಅಂತ ಬರೆದಿದ್ದರೆ ಶೀಟಿಗೆ ಅವು ಬೇರೆ ಬೇರೆ. ಹೆಸರಿನ ಕೊನೆಗೆ ಸುಮ್ನೆ ಒಂದು ಖಾಲಿ ಜಾಗ ಉಳಿದರೂ ಆ ದಿನ ತಪ್ಪಿಹೋಗಬಹುದು. 'ಡೇಟಾ' ಮೆನುವಿನ 'ಡೇಟಾ ವ್ಯಾಲಿಡೇಶನ್'ನಲ್ಲಿ ನಕ್ಷತ್ರಗಳ ಪಟ್ಟಿ ಕೊಟ್ಟುಬಿಡಿ. ಆಮೇಲೆ ಟೈಪ್ ಮಾಡುವ ಕೆಲಸವಿಲ್ಲ, ಪಟ್ಟಿಯಿಂದ ಆರಿಸಿದರಾಯಿತು.