ಹಳೇ ಕಡಲ್ಗಳ್ಳನ ಆಟ: ಮೌಸ್ ಮಗುವಿಗೆ ಕೊಡಿ

ಮೊದಲ ದಿನ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹಳೇ ಕಂಪ್ಯೂಟರ್ ಆಟವೊಂದನ್ನು ಆಡುತ್ತಿದ್ದ ಮಗಳ ಪಕ್ಕ ಕೂತು ಹತ್ತು ನಿಮಿಷ ಆಗಿರಲಿಲ್ಲ, ‘ಅಡುಗೆಮನೆಗೆ ಹೋಗು, ಆ ಪಾತ್ರೆ ತಗೋ, ಮುಂದೆ ಬೇಕಾಗುತ್ತೆ’ ಅಂತ ಶುರು ಹಚ್ಚಿಕೊಂಡೆ. ‘ಹಾಗಾದ್ರೆ ನೀನೇ ಆಡಪ್ಪಾ’ ಅಂತ ಎದ್ದು ಹೋದಳು. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಆಟ ‘ದ ಸೀಕ್ರೆಟ್ ಆಫ್ ಮಂಕಿ ಐಲೆಂಡ್’. ರಾನ್ ಗಿಲ್ಬರ್ಟ್ ಮತ್ತು ಗೆಳೆಯರು 1990ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಎಂಬ ಕಂಪನಿಯಲ್ಲಿ ಮಾಡಿದ್ದು. ಕಡಲ್ಗಳ್ಳ ಆಗಬೇಕು ಅಂತ ಹೊರಟ ಗೈಬ್ರಶ್ ಎಂಬ ಪೆದ್ದು ಹುಡುಗನ ಕಥೆ, ಒಗಟು ಬಿಡಿಸುತ್ತಾ ಮುಂದೆ ಹೋಗಬೇಕು. ಆ ಕಾಲದ ಎಷ್ಟೋ ಸಾಹಸದ ಆಟಗಳಲ್ಲಿ ಒಂದು ಹೆಜ್ಜೆ ತಪ್ಪಿದರೆ ಸಾವು. ಗಿಲ್ಬರ್ಟ್‌ಗೆ ಅದು ಸರಿಕಾಣಲಿಲ್ಲ. ಹಾಗಾಗಿ ಇಲ್ಲಿ ಮಗು ಧೈರ್ಯವಾಗಿ ಏನು ಬೇಕಾದರೂ ಮಾಡಿ ನೋಡಬಹುದು. ನನ್ನ ಲೆಕ್ಕದಲ್ಲಿ ಎಂಟು–ಒಂಬತ್ತು ವರ್ಷದ ಮೇಲಿನವರಿಗೆ ಸರಿ. ಕುಡುಕರ ತಮಾಷೆ ಒಂದಿಷ್ಟಿದೆ, ಮೊದಲೇ ಗೊತ್ತಿರಲಿ.

ಮೊದಲು, ಯಾವ ಆಟ ಹಾಕಬೇಕು

2009ರಲ್ಲಿ ಇದರ ‘ಸ್ಪೆಷಲ್ ಎಡಿಷನ್’ ಬಂತು. ಹೊಸ ಚಿತ್ರ, ಪಾತ್ರಗಳಿಗೆ ದನಿ, ಸುಳಿವು ಕೇಳುವ ಸೌಲಭ್ಯ. ಹಳೇ ಆಟವೂ ಅದರೊಳಗೇ ಇದೆ. ಒಂದು ಕೀ ಒತ್ತಿದರೆ ಅದೇ ದೃಶ್ಯ ಚೌಕ ಚೌಕದ ಹಳೇ ಚಿತ್ರವಾಗುತ್ತದೆ, ಮತ್ತೆ ಒತ್ತಿದರೆ ಹೊಸದು. ಮೊದಲ ಅರ್ಧ ಗಂಟೆ ನನ್ನ ಮಗಳು ಆಡಿದ ಆಟವೇ ಇದು.

ಎರಡನ್ನೂ ಬೆರೆಸಿ ಆಡಿ. ಮಾತುಕತೆಗೆ ಹೊಸದು ಒಳ್ಳೆಯದು, ದನಿ ಇರೋದು ಅದರಲ್ಲಿ ಮಾತ್ರ. ಒಗಟಿಗೆ ಹಳೆಯದೇ ವಾಸಿ. ತೆಗೆ, ಕೊಡು, ತಳ್ಳು, ಎಳೆ ಎಂಬ ಕೆಲಸಗಳ ಪಟ್ಟಿ ಪರದೆಯ ಕೆಳಗೆ ಸದಾ ಕಾಣುತ್ತಿರುತ್ತದೆ. ಏನೇನು ಮಾಡಬಹುದು ಅಂತ ಮಗುವಿಗೆ ಕಣ್ಣೆದುರೇ ಇರುತ್ತದೆ. ಹೊಸದರಲ್ಲಿ ಆ ಪಟ್ಟಿಯನ್ನು ಬೇಕಾದಾಗ ತೆರೆಯಬೇಕು.

ಹಳೇ ಡಿಸ್ಕಿನ ಫೈಲುಗಳು ನಿಮ್ಮ ಹತ್ತಿರವೇ ಇದ್ದರೆ ‘ಸ್ಕಮ್‌ವಿಎಂ’ ಎಂಬ ಉಚಿತ ತಂತ್ರಾಂಶ ಸಾಕು, ಇಂದಿನ ಕಂಪ್ಯೂಟರಿನಲ್ಲೂ ಓಡುತ್ತದೆ. ಅಂದಹಾಗೆ, ಆಗಿನ ಡಬ್ಬದಲ್ಲಿ ರಟ್ಟಿನ ಚಕ್ರವೊಂದು ಬರುತ್ತಿತ್ತು. ಅರ್ಧರ್ಧ ಕಡಲ್ಗಳ್ಳರ ಮುಖ ತಿರುಗಿಸಿ ಕೂಡಿಸಿದರೆ ಒಂದು ಇಸವಿ ಸಿಗುತ್ತಿತ್ತು, ಅದನ್ನು ಟೈಪ್ ಮಾಡಿದರೇ ಆಟ ಶುರು. ನಕಲು ತಡೆಯೋ ಉಪಾಯ ಅದು. ಚಕ್ರ ಕಳೆದರೆ ಆಟವೂ ಹೋದಂತೆ.

ನಂತರ, ನೀವು ಒಂದು ಸಂಜೆ ಒಬ್ಬರೇ ಆಡಿ

ನೆನಪು ಮೋಸ ಮಾಡುತ್ತದೆ. ಉತ್ತರಗಳನ್ನು ನೆನಪು ಮಾಡಿಕೊಳ್ಳಲು ಆಡಬೇಡಿ. ಎಲ್ಲೆಲ್ಲಿ ಭಾಷೆ ಅಡ್ಡ ಬರುತ್ತದೆ ಅಂತ ಗುರುತು ಹಾಕಿಕೊಳ್ಳಿ, ಯಾಕಂದ್ರೆ ನಿಮ್ಮ ನಿಜವಾದ ಕೆಲಸ ಇರೋದು ಅಲ್ಲೇ.

ಒಂದು ಉದಾಹರಣೆ. ಸೇತುವೆ ಕಾಯುವ ರಾಕ್ಷಸನೊಬ್ಬ ಸುಂಕ ಕೇಳುತ್ತಾನೆ. ಗಮನ ಸೆಳೆಯಬೇಕು, ಆದರೆ ಯಾವ ಉಪಯೋಗಕ್ಕೂ ಬರಬಾರದು, ಅಂಥ ವಸ್ತು ಬೇಕಂತೆ. ಕೊಡಬೇಕಾದ್ದು ಕೆಂಪು ಮೀನು, ‘ರೆಡ್ ಹೆರಿಂಗ್’. ಇಂಗ್ಲಿಷಿನಲ್ಲಿ ದಾರಿ ತಪ್ಪಿಸೋ ಸುಳಿವಿಗೂ ಅದೇ ಹೆಸರು. ಈ ನುಡಿಗಟ್ಟು ಗೊತ್ತಿಲ್ಲದ ಮಗು ತಲೆ ಎಷ್ಟು ಚಚ್ಚಿಕೊಂಡರೂ ಹೊಳೆಯೋದಿಲ್ಲ. ಇದರ ಅರ್ಥ ನೀವು ಹೇಳಿಬಿಡಿ, ಮೀನು ಕೊಡೋಕೆ ಮಾತ್ರ ಹೇಳಬೇಡಿ. 1991ರಲ್ಲಿ ಬಂದ ಈ ಆಟದ ಎರಡನೇ ಭಾಗದಲ್ಲಿ ಕೋತಿಯನ್ನೇ ‘ಮಂಕಿ ರೆಂಚ್’ (ನಟ್ಟು ತಿರುಗಿಸೋ ಸಲಕರಣೆ) ಮಾಡಿ ತಿರುಗಿಸೋ ಒಗಟಿದೆ. ಆ ಸಲಕರಣೆಗೆ ಸ್ಪ್ಯಾನರ್ ಅನ್ನುವ ಬ್ರಿಟನ್ನಿನವರೇ ಅಲ್ಲಿ ಪೇಚಾಡಿದರು. ಇನ್ನು ನಮ್ಮ ಮಕ್ಕಳ ಪಾಡೇನು!

ಆದರೆ ಆ ಮೀನನ್ನು ತೆಗೆಯೋದಿದೆಯಲ್ಲ, ಅದಕ್ಕೆ ಭಾಷೆ ಬೇಡ. ಹೋಟೆಲಿನ ಅಡುಗೆಯವನು ಆಚೆ ಬಂದಾಗ ಒಳಗೆ ನುಗ್ಗಬೇಕು. ಹಿತ್ತಲ ಕಟ್ಟೆಯ ಮೇಲೆ ಕಡಲಹಕ್ಕಿಯೊಂದು ಮೀನಿನ ಹತ್ತಿರ ಯಾರನ್ನೂ ಬಿಡದೆ ಕೂತಿದೆ. ಸಡಿಲವಾದ ಹಲಗೆಯನ್ನು ತುಳಿದರೆ ಹಕ್ಕಿ ಗಾಬರಿಯಾಗಿ ಹಾರುತ್ತದೆ. ಮತ್ತೆ ಮತ್ತೆ ತುಳಿದು ಹೊಂಚುಹಾಕಬೇಕು. ಇದನ್ನು ಮಗುವೇ ಕಂಡುಹಿಡಿಯಲಿ, ಸುಮ್ನೆ ಕೂತಿರಿ. ಕೈ ತುರಿಸಿದರೆ ಲೋಟ ಹಿಡಿದುಕೊಳ್ಳಿ.

ಆಡುವಾಗ

ಮೌಸ್ ಮಗುವಿನ ಕೈಯಲ್ಲಿ, ಪೆನ್ನು ನಿಮ್ಮ ಕೈಯಲ್ಲಿ. ನಕ್ಷೆ, ಚೀಲದಲ್ಲಿರೋ ವಸ್ತು, ಯಾರು ಏನು ಕೇಳಿದರು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯೋ ಗುಮಾಸ್ತ ನೀವು. ಕತ್ತಿವರಸೆ ಬಂದಾಗಲಂತೂ ಪುಸ್ತಕ ಬೇಕೇ ಬೇಕು. ಇಲ್ಲಿ ಗೆಲ್ಲೋದು ತೋಳಿನ ಬಲದಿಂದಲ್ಲ, ಬೈಗುಳಕ್ಕೆ ತಕ್ಕ ಎದುರು ಬೈಗುಳದಿಂದ. ಸೋತಾಗಲೆಲ್ಲ ಹೊಸದೊಂದು ಬೈಗುಳ ಕಲಿತಂತೆ. ಪ್ರತಿಯೊಂದನ್ನೂ ಕನ್ನಡಕ್ಕೆ ತಂದು ಹೇಳಿ, ಮಜಾ ಜಾಸ್ತಿ.

ನಲವತ್ತು ನಿಮಿಷಕ್ಕೆ ಸೇವ್ ಮಾಡಿ ನಿಲ್ಲಿಸಿ. ಸಿಕ್ಕಿಹಾಕಿಕೊಂಡಿದ್ದರೆ ಇನ್ನೂ ಒಳ್ಳೇದು, ಉತ್ತರ ಬಹಳ ಸಲ ಮಾರನೇ ದಿನ ಹೊಳೆಯುತ್ತದೆ. ಎರಡು ದಿನ ಆದರೂ ಆಗಲಿಲ್ಲವಾ? ಆಟದ ಸುಳಿವು ಒತ್ತಲಿ. ನಿಮ್ಮನ್ನು ಕೇಳೋದಕ್ಕಿಂತ ಅದು ಮೇಲು, ನಿಮಗೆ ಅರ್ಧ ಹೇಳಿ ನಿಲ್ಲಿಸೋಕೆ ಬರೋದಿಲ್ಲ.

ಒಂದು ಜಾಗದಲ್ಲಿ ಮಾತ್ರ ಹುಷಾರಾಗಿರಿ. ಗೈಬ್ರಶ್‌ನನ್ನು ಭಾರದ ವಿಗ್ರಹಕ್ಕೆ ಕಟ್ಟಿ ನೀರಿಗೆ ಎಸೆಯುತ್ತಾರೆ. ಉಸಿರು ಹತ್ತು ನಿಮಿಷ ಹಿಡಿಯಬಲ್ಲೆ ಅನ್ನೋದು ಅವನ ಹೆಮ್ಮೆ. ಆ ಹತ್ತು ನಿಮಿಷ ಮೀರಿದರೆ ನಿಜವಾಗಲೂ ಸಾಯುತ್ತಾನೆ. ಸುತ್ತಲೂ ಹರಿತವಾದ ಆಯುಧಗಳು ಬಿದ್ದಿವೆ, ಒಂದೂ ಕೈಗೆಟಕೋದಿಲ್ಲ. ಮಗಳು ಒಂದೊಂದಕ್ಕೂ ಕೈ ಚಾಚಿದಳು. ಐದು ನಿಮಿಷ. ಏಳು. ನಾನು ಲೋಟ ಬಿಗಿಯಾಗಿ ಹಿಡಿದಿದ್ದೆ. ಎಂಟನೇ ನಿಮಿಷಕ್ಕೆ ಅವಳು ಆಯುಧಗಳನ್ನೆಲ್ಲ ಬಿಟ್ಟು, ಮೌಸನ್ನು ಮೆಲ್ಲಗೆ ವಿಗ್ರಹದ ಮೇಲೆ ತಂದು ‘ತೆಗೆ’ ಅಂತ ಒತ್ತಿದಳು. ಅವನು ವಿಗ್ರಹವನ್ನು ಎತ್ತಿಕೊಂಡು ಆರಾಮಾಗಿ ನಡೆದು ಮೇಲೆ ಬಂದ.

‘ನಿಂಗೆ ಮೊದಲೇ ಗೊತ್ತಿತ್ತಾ?’ ಅಂತ ಕೇಳಿದಳು. ‘ಮರೆತುಹೋಗಿತ್ತು ಕಣೇ’ ಅಂದೆ.