ವರ್ಷಗಟ್ಟಲೆ ನಿಂತ ಡೀಸೆಲ್ ಜೀಪನ್ನು ಮತ್ತೆ ಓಡಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕ ತಾಡಪಾಲು ಹೊದ್ದು ನಿಂತ ಜೀಪುಗಳು ಇನ್ನೂ ಇವೆ. ಹೆಚ್ಚಿನವು ಮಹೀಂದ್ರದ ಡೀಸೆಲ್ ಗಾಡಿಗಳು. ಇಂಟರ್‌ನ್ಯಾಷನಲ್ ಇಂಜಿನ್ನಿನ ಹಳೆಯವು, ಇಲ್ಲವೇ 2112 ಸಿಸಿಯ ಪ್ಯೂಜೋ ಇಂಜಿನ್ನಿನ ಎಂಎಂ 540. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಾನಾ ಹಿಡಿಯಲು ಬರುವ ಯಾರೂ ಇದರ ಬಹುಪಾಲು ಕೆಲಸ ಮಾಡಬಹುದು. ಆದರೆ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವುದು ಮೊದಲ ಕೆಲಸವಲ್ಲ. ಮೊದಲು ಚಾಸಿ, ಆಮೇಲೆ ಬ್ರೇಕು, ಕೊನೆಗೆ ಇಂಜಿನ್. ಈ ಕ್ರಮ ತಪ್ಪಿದರೆ ಇಂಜಿನ್ನಿಗೆ ಸುರಿದ ದುಡ್ಡು ತುಕ್ಕು ತಿಂದ ಚಾಸಿಯ ಮೇಲೆ ಕೂರುತ್ತದೆ.

ಚಾಸಿ ಮತ್ತು ಕಾಗದಪತ್ರ

ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಸೀಟಿನ ಅಡಿ, ಬಾನೆಟ್ಟಿನ ಒಳಗೆ, ಬ್ಯಾಟರಿ ಪೆಟ್ಟಿಗೆಯಲ್ಲಿ ತಡಕಿ ನೋಡಿ. ಇಲಿ ಗೂಡು ಕಟ್ಟಿದ ಕಡೆ ಹಾವೂ ಇರಬಹುದು. ಇಲಿ ಕಡಿದ ವೈರುಗಳನ್ನು ಟೇಪು ಸುತ್ತಿ ಉಳಿಸಿಕೊಳ್ಳಬೇಡಿ. ಈ ಗಾಡಿಗಳ ವೈರಿಂಗ್ ಸರಳವಾದದ್ದು, ಪೂರ್ತಿ ಬದಲಿಸುವುದೇ ಲೇಸು.

ನಂತರ ಜಾಕ್ ಕೊಟ್ಟು, ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಕೆಳಗೆ ಹೋಗಿ ಸಣ್ಣ ಸುತ್ತಿಗೆಯಿಂದ ಚಾಸಿಯುದ್ದಕ್ಕೂ ಬಡಿಯುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ದೆನ್ನುತ್ತದೆ. ಅನುಮಾನವಿದ್ದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಕರಾವಳಿಯ ಗಾಡಿಗಳಲ್ಲಿ, ಅದರಲ್ಲೂ ಮೀನು ಸಾಗಿಸಿದವುಗಳಲ್ಲಿ, ಐಸಿನ ಉಪ್ಪುನೀರು ಇಳಿದು ಹಿಂದಿನ ಅಡ್ಡಪಟ್ಟಿ ಮತ್ತು ಪಾಟಾ (ಲೀಫ್ ಸ್ಪ್ರಿಂಗ್) ಹಿಡಿಯುವ ಬ್ರಾಕೆಟ್ಟುಗಳು ಮೊದಲು ಹಾಳಾಗುತ್ತವೆ. ಘಟ್ಟದ ಮೇಲಿನ ಗಾಡಿಗಳಲ್ಲಿ ಗೊಬ್ಬರ ಹೇರಿದ ಹಿಂಭಾಗದ ತಗಡು, ಕಾಲಿಡುವ ಜಾಗ, ಮಣ್ಣು ಕಟ್ಟಿ ನೀರು ಇಂಗಿದ ಮೂಲೆಗಳನ್ನು ನೋಡಿ. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕಿದ್ದರೂ ಬಿಡಬೇಡಿ. ತೂತಾದಲ್ಲಿ ಪುಟ್ಟಿ ಹಚ್ಚುವುದು ಮೋಸ. ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಪ್ಲೇಟು ಬೆಸೆಯಬೇಕು.

ತುಕ್ಕು ಉಜ್ಜುವಾಗ ಒಂದು ಎಚ್ಚರ: ಚಾಸಿಯ ಮೇಲೆ ಕೊರೆದ ನಂಬರಿಗೆ ಗ್ರೈಂಡರ್ ಮುಟ್ಟಿಸಬೇಡಿ. ಅಲ್ಲಿ ಕೈಯಿಂದ ತಂತಿ ಬ್ರಷ್ ಹೊಡೆದು ಗ್ರೀಸ್ ಹಚ್ಚಿಡಿ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷದ ನಂತರ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಗಾಡಿ ತೋರಿಸಿ, ಒಮ್ಮೆಗೆ 5 ವರ್ಷಕ್ಕೆ ನವೀಕರಿಸಬೇಕು. ತಪಾಸಣೆಯಲ್ಲಿ ಆರ್‌ಸಿಯ ನಂಬರೂ ಚಾಸಿಯ ನಂಬರೂ ತಾಳೆಯಾಗಬೇಕು. ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲೇ ಆರ್‌ಸಿ ಹಿಡಿದು ಕಾರವಾರ ಅಥವಾ ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ಬಾಕಿ ತೆರಿಗೆ ಎಷ್ಟೆಂದು ಕೇಳಿಕೊಳ್ಳಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಇದೆ. ಆದರೆ ಅದನ್ನು ಪಡೆದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ತೋಟದ ಕೆಲಸಕ್ಕೆ ಬೇಕಿದ್ದರೆ ಆ ದಾರಿ ನಿಮ್ಮದಲ್ಲ.

ಬ್ರೇಕು

ನಿಂತ ಗಾಡಿಯ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಅಂಚಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು; ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲಗಳನ್ನು ಕಂಡ ಆಯಿಲ್ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸಿರುತ್ತದೆ. ಗೋಡೆಯಲ್ಲಿ ಉಗುರಿಗೆ ತಾಗುವ ಗುಳಿಯಿದ್ದರೆ ರಬ್ಬರ್ ಕಿಟ್ ಹಾಕಿ ಫಲವಿಲ್ಲ, ಕೆಲವೇ ದಿನದಲ್ಲಿ ಸೋರುತ್ತದೆ. ನಾಲ್ಕೂ ವೀಲ್ ಸಿಲಿಂಡರ್ ಮತ್ತು ಮಾಸ್ಟರ್ ಸಿಲಿಂಡರನ್ನು ಬದಲಿಸಿ. ರಬ್ಬರ್ ಹೋಸುಗಳನ್ನು ಕಣ್ಣಿಗೆ ಚೆನ್ನಾಗಿ ಕಂಡರೂ ಎಸೆಯಿರಿ. ಒಳಗೆ ಉಬ್ಬಿದ ಹೋಸು ಪೆಡಲ್ ಒತ್ತಿದಾಗ ಆಯಿಲ್ ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ಬ್ರೇಕ್ ಹಿಡಿದೇ ಉಳಿದು ಡ್ರಮ್ ಬಿಸಿಯಾಗುತ್ತದೆ. ಹಳೆಯ ಜೀಪುಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಕಬ್ಬಿಣದ ಪೈಪುಗಳನ್ನೂ ಹೊಸದಾಗಿ ಹಾಕಿಸಬೇಕು ಎನ್ನುವುದು ಇದಕ್ಕೇ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ (ಏರ್) ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ.

ಇಂಜಿನ್: ಮೊದಲು ಕೈಯಿಂದ

ಆಯಿಲ್ ಪ್ಲಗ್ಗನ್ನು ನಿಧಾನ ಸಡಿಲಿಸಿ. ಮೊದಲು ನೀರು ಇಳಿದರೆ, ಇಲ್ಲವೇ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕಿನ ವಿಚಾರ ಮುಗಿಸದೆ ಮುಂದೆ ಹೋಗಬೇಡಿ. ಸರಿಯಿದ್ದರೆ ಫಿಲ್ಟರ್ ಬದಲಿಸಿ, 15ಡಬ್ಲ್ಯು-40 ಡೀಸೆಲ್ ಇಂಜಿನ್ ಆಯಿಲನ್ನು ಗೇಜಿನ ಗುರುತಿನವರೆಗೆ ತುಂಬಿ.

ಈಗ ಹೀಟರ್ ಪ್ಲಗ್, ಅವಿಲ್ಲದ ಇಂಜಿನ್ನಿನಲ್ಲಿ ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿ, ಪ್ರತಿ ಸಿಲಿಂಡರಿಗೆ 10–15 ಮಿ.ಲೀ. ಡೀಸೆಲ್–ಇಂಜಿನ್ ಆಯಿಲ್ ಮಿಶ್ರಣ ಬಿಟ್ಟು ಎರಡು ದಿನ ನೆನೆಯಲು ಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಪಾನಾ ಹಾಕಿ, ಗಾಡಿಯ ಎದುರು ನಿಂತು ನೋಡಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ನಿಧಾನ ತಿರುಗಿಸಿ. ಹಿಡಿದಿದ್ದರೆ ಬಲ ಹಾಕದೆ ಮತ್ತೆ ನೆನೆಸಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲುಗಿಸಿ. ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆಸುವುದು ಊರಲ್ಲಿ ರೂಢಿ. ತುಕ್ಕಿಗೆ ಅಂಟಿದ ರಿಂಗು ಮುರಿಯುವುದು, ಕನೆಕ್ಟಿಂಗ್ ರಾಡ್ ಬಾಗುವುದು ಅದರಿಂದಲೇ. ಟ್ಯಾಪೆಟ್ ಕವರ್ ತೆಗೆದು ಎಲ್ಲ ವಾಲ್ವುಗಳೂ ಏರಿಳಿಯುತ್ತಿವೆಯೇ ನೋಡಿ; ಒಂದು ವಾಲ್ವ್ ಹಿಡಿದಿದ್ದರೂ ಪುಶ್ ರಾಡ್ ಬಾಗುತ್ತದೆ.

ಸಲೀಸಾಗಿ ತಿರುಗಿದ ಮೇಲೆ, ತೂತುಗಳು ತೆರೆದಿರುವಾಗಲೇ, ಡೀಸೆಲ್ ತಡೆದು ಇಂಜಿನ್ ನಿಲ್ಲಿಸುವ ಸ್ಟಾಪ್ ಲಿವರ್ ಎಳೆದು 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಉಳಿದ ಮಿಶ್ರಣ ಚಿಮ್ಮಿ ಹೊರಬರುತ್ತದೆ, ಮುಖ ದೂರವಿರಲಿ. ಅದು ಒಳಗೇ ಉಳಿದರೆ ಪಿಸ್ಟನ್ನಿನ ಮೇಲೆ ಕುಗ್ಗದೆ ನಿಂತು ರಾಡನ್ನು ಬಾಗಿಸುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಹೊಡೆಯುತ್ತ, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಮುಂದುವರಿಸಿ.

ಡೀಸೆಲ್ ದಾರಿ

ಅರ್ಧ ತುಂಬಿದ ಟ್ಯಾಂಕಿನಲ್ಲಿ ಮಳೆಗಾಲದ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಟ್ಯಾಂಕ್ ಇಳಿಸಿ, ಹಿಡಿಯಷ್ಟು ನಟ್ಟುಗಳನ್ನು ಸ್ವಲ್ಪ ಡೀಸೆಲ್ ಜೊತೆ ಹಾಕಿ ಚೆನ್ನಾಗಿ ಕುಲುಕಿ, ತೊಳೆದು ಒಣಗಿಸಿ. ಟ್ಯಾಂಕಿಗೆ ಬೆಸುಗೆ ಬೇಕಿದ್ದರೆ ಆವಿ ಪೂರ್ತಿ ತೆಗೆದು ಕೆಲಸ ಮಾಡುವ, ಅದನ್ನು ಬಲ್ಲ ಗ್ಯಾರೇಜಿನಲ್ಲೇ ಮಾಡಿಸಿ. ರಬ್ಬರ್ ಪೈಪು, ಡೀಸೆಲ್ ಫಿಲ್ಟರ್ ಎಲ್ಲ ಹೊಸತು. ನಾಝಲ್ಲಿಗೆ ಡೀಸೆಲ್ ತಳ್ಳುವ ಪಂಪ್ ಜಾಮ್ ಆಗಿದ್ದರೆ, ನಾಝಲ್ ಅನುಮಾನವಿದ್ದರೆ ಮನೆಯಲ್ಲಿ ಬಿಚ್ಚದೆ ಪಂಪ್ ಕ್ಯಾಲಿಬ್ರೇಶನ್ ಮಾಡುವಲ್ಲಿಗೆ ಒಯ್ಯಿರಿ. ನಾಝಲ್ ಮರಳಿ ಹಾಕುವಾಗ ತಾಮ್ರದ ವಾಷರ್ ಹೊಸದಿರಲಿ.

ಡೀಸೆಲ್ ಪೈಪಿನ ಏರ್ ತೆಗೆಯುವ ಕ್ರಮ: ಫಿಲ್ಟರಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ತಿಳಿ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ, ಹಾಗೆಯೇ ಪಂಪಿನ ಸ್ಕ್ರೂನಲ್ಲಿ, ಕೊನೆಗೆ ನಾಝಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಜಿನುಗಿದೊಡನೆ ಬಿಗಿಮಾಡಿ. ಬೆರಳು ಅಡ್ಡ ಹಿಡಿಯಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ.

ಉಳಿದ ಆಯಿಲುಗಳು, ಸ್ಟಾರ್ಟಿಂಗ್

ಗೇರ್ ಬಾಕ್ಸ್, ಹೌಸಿಂಗುಗಳ (ಚಕ್ರದ ಆಕ್ಸೆಲ್ ಕೂರುವ ಗೂಡುಗಳ) ಆಯಿಲ್ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಬಿಚ್ಚದಿದ್ದರೆ ಖಾಲಿ ಮಾಡಿ ಕೂರಬೇಕಾಗುತ್ತದೆ. ಹಿತ್ತಾಳೆಯ ಸಿಂಕ್ರೋ ರಿಂಗುಗಳಿರುವ ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್, ಹೌಸಿಂಗಿಗೆ ಜಿಎಲ್-5. ಹೌಸಿಂಗಿನ ಬ್ರೀದರಿನಲ್ಲಿ (ಗಾಳಿಯಾಡುವ ತೂತಿನಲ್ಲಿ) ಕಣಜದ ಹುಳು ಮಣ್ಣು ತುಂಬಿದ್ದರೆ ಬಿಡಿಸಿ. ಗಾಳಿಯಾಡದಿದ್ದರೆ ಸೀಲಿನಿಂದ ಆಯಿಲ್ ಸೋರುತ್ತದೆ. ರೇಡಿಯೇಟರ್ ತೊಳೆದು, ಬಾವಿ ನೀರಿನ ಬದಲು ಕೂಲೆಂಟ್ ತುಂಬಿ.

ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರಿನ ಪೈಪ್ ಬಿಚ್ಚಿ, ಒಬ್ಬರು ದಪ್ಪ ಹಲಗೆ ಹಿಡಿದು ನಿಲ್ಲಲಿ. ಇಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಹಿಡಿತ ತಪ್ಪಿದರೆ ಸ್ಟಾಪ್ ಲಿವರಿಗೆ ನಿಲ್ಲುವುದಿಲ್ಲ. ಗಾಳಿಯ ಬಾಯಿಗೆ ಹಲಗೆ ಒತ್ತಿದರೆ ನಿಲ್ಲುತ್ತದೆ. ಮೊದಲ ಬಿಳಿ ಹೊಗೆ ಉರಿಯದ ಡೀಸೆಲ್ಲಿನದು, ಇಂಜಿನ್ ಕಾದಂತೆ ಹೋಗಬೇಕು. ಆಯಿಲ್ ಮುಳ್ಳು 10 ಸೆಕೆಂಡಿನೊಳಗೆ ಏಳದಿದ್ದರೆ ಆರಿಸಿ.

ಟೈರಿನ ಬದಿಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2311 ಎಂದರೆ 2011ರ 23ನೇ ವಾರ. ಹತ್ತು ವರ್ಷ ದಾಟಿದ್ದನ್ನು ಅಂಗಳದಾಚೆ ಓಡಿಸಬೇಡಿ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗೇರನ್ನು (ಫೋರ್ ವೀಲ್ ಡ್ರೈವ್) ಗದ್ದೆ, ಕೆಸರಿನಲ್ಲಿ ಮಾತ್ರ ಪರೀಕ್ಷಿಸಿ. ಡಾಂಬರಿನಲ್ಲಿ ತಿರುವಿದರೆ ಹಲ್ಲುಗಳ ಮೇಲೆ ಬಿಗಿ ಬಿದ್ದು ಲಿವರ್ ಸಿಕ್ಕಿಕೊಳ್ಳುತ್ತದೆ. ಮೊದಲ 200 ಕಿ.ಮೀ. ಸಮತಟ್ಟಿನಲ್ಲೇ ಓಡಲಿ. ಆಗ ಇಂಜಿನ್ ಆಯಿಲನ್ನೂ ಡೀಸೆಲ್ ಫಿಲ್ಟರನ್ನೂ ಮತ್ತೊಮ್ಮೆ ಬದಲಿಸಿ, ನಾಲ್ಕೂ ಡ್ರಮ್ ಬಿಚ್ಚಿ ಸಿಲಿಂಡರ್ ಒಣಗಿದೆಯೇ ನೋಡಿ. ದೇವಿಮನೆ, ಅರಬೈಲು ಘಟ್ಟ ಇಳಿಯುವುದು ಅದಾದ ಮೇಲೆ, ಅದೂ ಹತ್ತುವಾಗ ಬೇಕಾಗುವ ಗೇರಿನಲ್ಲೇ.