ಮಧ್ಯಮ ದೂರದ ಗುರಿಗೆ ಕೈಗೆಟುಕುವ ಲೇಸರ್ ದೂರಮಾಪಕ: ಆಯ್ಕೆ ಹೇಗೆ?

ರೈಫಲ್ ಗುರಿ ಅಭ್ಯಾಸಕ್ಕೆಂದು ಲೇಸರ್ ದೂರಮಾಪಕ, ಅಂದರೆ ಗುರಿ ಎಷ್ಟು ದೂರದಲ್ಲಿದೆ ಎಂದು ಬೆಳಕಿನಿಂದ ಅಳೆಯುವ ಉಪಕರಣ, ಕೊಳ್ಳುವ ಮುನ್ನ, ಅದು ನಿಮಗೆ ನಿಜವಾಗಿಯೂ ಬೇಕೇ ಎಂಬುದನ್ನು ತೀರ್ಮಾನಿಸಿಕೊಳ್ಳಿ. 300, 500, 600 ಗಜಗಳ ಗೆರೆಗಳನ್ನು ಅಳೆದು ಗುರುತಿಸಿರುವ ರೇಂಜಿನಲ್ಲಷ್ಟೇ ಅಭ್ಯಾಸ ಮಾಡುವವರಿಗೆ ಇದರ ಅಗತ್ಯವಿಲ್ಲ. ಆ ಹಣವನ್ನು ತೋಟಾಗಳಿಗೆ ಖರ್ಚು ಮಾಡುವುದೇ ಲೇಸು. ದೂರವನ್ನು ಮೊದಲೇ ತಿಳಿಸದ ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗೆ ಮತ್ತು ಬಯಲಿನಲ್ಲಿ ತಾವೇ ಫಲಕ ನಿಲ್ಲಿಸಿ ಗುರಿ ಹಿಡಿಯುವವರಿಗೆ ಇದು ಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಗರಿಷ್ಠ ದೂರ. ಉಪಕರಣವು ಬೆಳಕಿನ ಮಿಡಿತವೊಂದನ್ನು ಕಳುಹಿಸಿ, ಅದು ಗುರಿಗೆ ಬಡಿದು ಹಿಂದಿರುಗುವ ಕಾಲವನ್ನು ಅಳೆಯುತ್ತದೆ. 300 ಮೀಟರ್ ದೂರಕ್ಕೆ ಹೋಗಿಬರಲು ಬೆಳಕಿಗೆ ಸುಮಾರು 2 ಮೈಕ್ರೋಸೆಕೆಂಡ್ ಸಾಕು. ಆದರೆ ಹಿಂದಿರುಗುವ ಬೆಳಕು ಎಷ್ಟೆಂಬುದು ಗುರಿಯ ಮೇಲ್ಮೈಯನ್ನು ಅವಲಂಬಿಸಿದೆ. ತಯಾರಕರು ಹೇಳುವ ಅಂಕಿ ಸಾಮಾನ್ಯವಾಗಿ ಹೊಳೆಯುವ ಫಲಕಕ್ಕೆ ಸಂಬಂಧಿಸಿದ್ದು. ಗುರಿಯಾಗಿ ನಿಲ್ಲಿಸುವ ಮಾಸಲು ಬಣ್ಣದ ಉಕ್ಕಿನ ತಟ್ಟೆ, ಮರ, ಮಣ್ಣು ಇವುಗಳಿಗೆ ಅದರ ಅರ್ಧ ಸಿಕ್ಕಿದರೂ ದೊಡ್ಡದು. ಸುಡುಬಿಸಿಲಿನಲ್ಲಿ ಇನ್ನೂ ಕಡಿಮೆಯಾಗುತ್ತದೆ. ಆದ್ದರಿಂದ 600 ಗಜದವರೆಗೆ ಗುಂಡು ಹಾರಿಸುವವರು 1,200 ಗಜಕ್ಕಿಂತ ಕಡಿಮೆ ಸಾಮರ್ಥ್ಯದ ಉಪಕರಣವನ್ನು ಕೊಳ್ಳದಿರುವುದು ಒಳಿತು.

ಎರಡನೆಯದಾಗಿ ಕಿರಣದ ಅಗಲವನ್ನು ವಿಚಾರಿಸಿ. ನನ್ನ ಮಟ್ಟಿಗೆ ಹಣ ಕೊಡಬೇಕಾದದ್ದು ಮುಖ್ಯವಾಗಿ ಇದಕ್ಕೇ. ಲೇಸರ್ ಕಿರಣ ದೂರ ಸಾಗಿದಂತೆ ಹರಡುತ್ತದೆ. 2 ಮಿಲಿರೇಡಿಯನ್ (ಒಂದು ಮಿಲಿರೇಡಿಯನ್ ಎಂದರೆ ಸಾವಿರ ಮೀಟರಿಗೆ ಒಂದು ಮೀಟರ್) ಹರಡುವ ಕಿರಣ 500 ಮೀಟರಿನಲ್ಲಿ ಒಂದು ಮೀಟರ್ ಅಗಲವಾಗಿರುತ್ತದೆ. ಅಲ್ಲಿರುವ ತಟ್ಟೆ ಅರ್ಧ ಮೀಟರಿನದಾದರೆ, ಉಳಿದ ಬೆಳಕು ಪಕ್ಕದಿಂದ ನುಸುಳಿ ಹಿಂದಿನ ಮಣ್ಣಿನ ದಿಬ್ಬಕ್ಕೋ ಮುಂದಿನ ಹುಲ್ಲಿಗೋ ಬಡಿಯುತ್ತದೆ, ಮತ್ತು ತೆರೆಯ ಮೇಲೆ ಮೂಡುವ ಅಂಕಿ ತಟ್ಟೆಯದೇ ದಿಬ್ಬದ್ದೇ ಎಂದು ನಿಮಗೆ ತಿಳಿಯುವುದಿಲ್ಲ. ಒಂದು ಮೀಟರಿನ ಅಳತೆ ದೋಷದಿಂದ ಈ ದೂರಗಳಲ್ಲಿ ಏನೂ ಆಗದು. 308 ವಿಂಚೆಸ್ಟರ್ ತೋಟಾದಲ್ಲಿ, ದೂರವನ್ನು 10 ಗಜ ತಪ್ಪಾಗಿ ತಿಳಿದರೆ ಗುಂಡು 300 ಗಜದಲ್ಲಿ ಎರಡು ಸೆಂಟಿಮೀಟರ್‌ನಷ್ಟು, 600 ಗಜದಲ್ಲಿ ಆರೇಳು ಸೆಂಟಿಮೀಟರ್‌ನಷ್ಟು ಮೇಲೆಕೆಳಗಾಗುತ್ತದೆ. ದಿಬ್ಬ 40 ಗಜ ಹಿಂದಿದ್ದರೆ ತಟ್ಟೆಯೇ ತಪ್ಪಿಹೋಗಬಹುದು. ದಶಮಾಂಶದವರೆಗೆ ಅಂಕಿ ತೋರಿಸುತ್ತದೆ ಎಂಬ ಹೆಗ್ಗಳಿಕೆಗಿಂತ, ನೀವು ತೋರಿಸಿದ ವಸ್ತುವನ್ನೇ ಅಳೆಯುತ್ತದೆಯೇ ಎಂಬುದು ಮುಖ್ಯ.

ಇದೇ ಕಾರಣಕ್ಕೆ ಗಾಲ್ಫ್ ಆಟಗಾರರಿಗಾಗಿ ತಯಾರಾದ ಅಗ್ಗದ ಉಪಕರಣವನ್ನು ಯೋಚಿಸಿ ಕೊಳ್ಳಿ. ಅವುಗಳಲ್ಲಿ ಹೆಚ್ಚಿನವು ಬಾವುಟದ ಕೋಲನ್ನು ಹಿಡಿಯಲೆಂದು ಎಲ್ಲಕ್ಕಿಂತ ಹತ್ತಿರದ ವಸ್ತುವಿಗೆ ಆದ್ಯತೆ ಕೊಡುತ್ತವೆ. ಬಯಲಿನ ತಟ್ಟೆಗೆ ಅದು ಒಗ್ಗಿದರೂ, ನಡುವೆ ಪೊದೆಯೋ ಹುಲ್ಲೋ ಇದ್ದರೆ ಅದನ್ನೇ ಅಳೆಯುತ್ತದೆ. ಹತ್ತಿರದ್ದು, ದೂರದ್ದು ಎಂದು ಆದ್ಯತೆ ಬದಲಿಸಬಲ್ಲ ಉಪಕರಣವೇ ಉತ್ತಮ.

ಆರು ಪಟ್ಟು ಹಿಗ್ಗಿಸುವ ಮಸೂರ ಸಾಕು. ಕಪ್ಪು ಅಕ್ಷರದ ತೆರೆ ನೆರಳಿನ ಹಿನ್ನೆಲೆಯಲ್ಲಿ ಕಾಣುವುದಿಲ್ಲವಾದ್ದರಿಂದ, ಕೆಂಪು ಅಂಕಿಗಳ ತೆರೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇಳಿಜಾರನ್ನು ಲೆಕ್ಕ ಹಾಕುವ ಸೌಲಭ್ಯ ಸಮತಟ್ಟಾದ ನೆಲದಲ್ಲಿ ಬೇಡ; ಆದರೆ 30 ಡಿಗ್ರಿ ಕೋನದಲ್ಲಿ 400 ಮೀಟರ್ 346 ಮೀಟರಿನಂತೆ ವರ್ತಿಸುತ್ತದೆ. ಗುಂಡಿನ ಪಥವನ್ನು ಲೆಕ್ಕ ಹಾಕುವ ಮೊಬೈಲ್ ಆ್ಯಪ್ ಕೂಡ ಕೋನವನ್ನು ಕೇಳುತ್ತದೆಯಾದ್ದರಿಂದ, ಇಳಿಜಾರಿನ ತಿದ್ದುಪಡಿ ಇಲ್ಲದ ನೇರ ದೂರವನ್ನೂ ತೋರಿಸುವ ಉಪಕರಣವನ್ನೇ ಆರಿಸಿ, ಇಲ್ಲವಾದರೆ ತಿದ್ದುಪಡಿ ಎರಡು ಬಾರಿ ಸೇರಿಬಿಡುತ್ತದೆ. ಗಜ ಮತ್ತು ಮೀಟರ್ ಎರಡರಲ್ಲಿ ಯಾವುದನ್ನು ತೋರಿಸುತ್ತಿದೆ ಎಂಬುದು ಸ್ಪಷ್ಟವಾಗಿ ಕಾಣಬೇಕು: 600 ಗಜವೆಂದರೆ 549 ಮೀಟರ್.

ಕೊನೆಯ ಹೆಜ್ಜೆ ಪರೀಕ್ಷೆ. ಹಿಂದಿರುಗಿಸಲು ಅವಕಾಶವಿರುವ ಕಡೆಯೇ ಕೊಂಡು, ಆ ಗಡುವಿನೊಳಗೆ ಇದನ್ನು ಮಾಡಿ. ಆಕಾಶವೇ ಹಿನ್ನೆಲೆಯಾಗಿರುವ ಕಂಬವೊಂದನ್ನು ಹುಡುಕಿ, ಮೊಣಕೈಗಳನ್ನು ಮೇಜಿನ ಮೇಲೂರಿ, ಉಪಕರಣವನ್ನು ಎರಡೂ ಕೈಯಲ್ಲಿ ಹಿಡಿದು, ಸತತ ಅಳತೆಯ ಬಟನ್ ಒತ್ತಿಕೊಂಡೇ ಮಸೂರದೊಳಗೆ ಕಾಣುವ ಗುರಿಗೆರೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಗೆರೆ ಕಂಬವನ್ನು ಮುಟ್ಟುವ ಮೊದಲೇ ಅಂಕಿ ಮೂಡಿ, ಕಂಬದ ಮೇಲಿರುವಾಗಲೇ ಮಾಯವಾದರೆ ಕಿರಣ ಬಲಕ್ಕೆ ವಾಲಿದೆ ಎಂದರ್ಥ. ಮನೆಯ ಚಾವಣಿಯ ಅಂಚಿನ ಮೇಲೆ ಹೀಗೆಯೇ ಮೇಲಿನಿಂದ ಕೆಳಕ್ಕೆ ಸರಿಸಿ ನೋಡಿ. ವಾಲುವಿಕೆ ಅಲ್ಪವಾಗಿದ್ದರೆ, ಎಷ್ಟು ಎಂದು ಗುರುತಿಟ್ಟುಕೊಂಡು ಅದಕ್ಕೆ ತಕ್ಕಂತೆ ಗುರಿ ಹಿಡಿಯಬಹುದು. ಬಳಿಕ ನಡುಮಧ್ಯಾಹ್ನದ ಬಿಸಿಲಿನಲ್ಲಿ, ಅಳೆದು ಗುರುತಿಸಿದ ಗೆರೆಯಿಂದ ನಿಮ್ಮ ಅತಿ ದೂರದ ಫಲಕವನ್ನು ಹತ್ತು ಬಾರಿ ಅಳೆಯಿರಿ. ಹತ್ತರಲ್ಲಿ ಎಂಟು ಬಾರಿಯಾದರೂ ಎರಡು ಮೀಟರಿನೊಳಗೆ ಸರಿಯಾದ ಅಂಕಿ ಬಾರದಿದ್ದರೆ ಹಿಂದಿರುಗಿಸಿಬಿಡಿ.